ಲೇ ಗುಂಡ, ಮಂಡಕ್ಕಿ ಎಷ್ಟು ಹಾಕಬೇಕು?

ಲೇ ಗುಂಡ,

ನೀನು ಕಳಿಸಿದ ಏಳು ವಾಯ್ಸ್ ಮೆಸೇಜಿಗೂ ಉತ್ತರ ಕೊಟ್ಟಿಲ್ಲ ಅಂತ ಬೈಯಬೇಡ. ಎಲ್ಲ ಕೇಳಿದ್ದೇನೆ. ಮೂರನೆಯದನ್ನು ಟ್ರಾಮಿನಲ್ಲಿ ಕೇಳಿ ಒಬ್ಬನೇ ನಕ್ಕಿದ್ದಕ್ಕೆ ಪಕ್ಕದ ಸೀಟಿನ ಅಜ್ಜಿ ಎದ್ದು ಬೇರೆ ಕಡೆ ಕೂತರು. ಹರಿಹರದ ಛತ್ರಿ ವಿಷಯ ಇನ್ನೂ ಬಿಟ್ಟಿಲ್ಲವಲ್ಲೋ ನೀನು!

ಉತ್ತರವನ್ನು ಹೀಗೆ ಎಲ್ಲರ ಮುಂದೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸುತ್ತೇನೆ. ನಾಲ್ಕು ಜನ ನೋಡುತ್ತಿದ್ದರೆ ಅರ್ಧಕ್ಕೆ ಬಿಟ್ಟು ಓಡಲು ನನಗೂ ನಾಚಿಕೆ ಆಗುತ್ತದೆ.

ಮೊದಲು ಸುದ್ದಿ. ನಾನು ಇಲ್ಲಿ ಈರುಳ್ಳಿ ಹೆಚ್ಚುವುದನ್ನು ಕಲಿಯುತ್ತಿದ್ದೇನೆ. ತಮಾಷೆ ಅಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಪೀಣ್ಯದಲ್ಲಿ ಮೂರು ವರ್ಷ ವರ್ನಿಯರ್ ಹಿಡಿದು, ಈಗ ಮೆಲ್ಬರ್ನ್‌ನಲ್ಲಿ ‘ಸರ್ಟಿಫಿಕೇಟ್ 3 ಇನ್ ಕಮರ್ಷಿಯಲ್ ಕುಕರಿ’. ಕ್ಯಾರೆಟ್ಟನ್ನು ಸುಮಾರು 3 ಮಿಲಿಮೀಟರ್ ದಪ್ಪದ ಕಡ್ಡಿಯಾಗಿ ಹೆಚ್ಚಿದರೆ ಅದು ಜೂಲಿಯೆನ್. ಅದೇ ಕಡ್ಡಿಯನ್ನು ಅಡ್ಡಕ್ಕೆ ಕತ್ತರಿಸಿ ಪುಟ್ಟ ಚೌಕ ಮಾಡಿದರೆ ಬ್ರುನ್ವಾ. ನಮ್ಮ ಶೆಫ್ ಸ್ಕೇಲ್ ಇಟ್ಟು ಅಳೆಯುತ್ತಾರೆ. ಇಂಜಿನಿಯರಿಂಗ್ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಊರಲ್ಲಿ ಅಮ್ಮ ‘ಹಾಸ್ಪಿಟಾಲಿಟಿ’ ಓದ್ತಿದ್ದಾನೆ ಅಂತ ಹೇಳಿದ್ದಾಳೆ. ಎದುರುಮನೆ ಆಂಟಿ ಅದನ್ನು ಆಸ್ಪತ್ರೆ ಅಂದುಕೊಂಡು ಮಂಡಿನೋವಿಗೆ ಮಾತ್ರೆ ಕೇಳಿದ್ದಾರೆ. ಅಮ್ಮ ತಿದ್ದಿಲ್ಲ. ನಾನೂ ತಿದ್ದಿಲ್ಲ.

ದುಡ್ಡಿನ ಲೆಕ್ಕ ನಿನಗೆ ಅರ್ಧ ಗೊತ್ತು. ವೀಸಾ ಅರ್ಜಿಗೇ 1,600 ಆಸ್ಟ್ರೇಲಿಯನ್ ಡಾಲರ್. ಸಿಗದಿದ್ದರೆ ವಾಪಸ್ ಬರಲ್ಲ. 2025ರ ಜುಲೈಯಲ್ಲಿ ಅದು 2,000 ಆಯಿತು, ಹಾಗಾಗಿ ನಾನು ಹಳೇ ರೇಟಿನ ಪುಣ್ಯವಂತ. ಒಂದು ವರ್ಷದ ಖರ್ಚಿಗೆ 29,710 ಡಾಲರ್ ಇದೆ ಅಂತ ಬೇರೆ ತೋರಿಸಬೇಕಿತ್ತು. ಹದಡಿ ರಸ್ತೆಯ ಸೈಟು ಯಾಕೆ ಅಡ ಹೋಯಿತು ಅಂತ ಈಗ ಗೊತ್ತಾಯ್ತಾ? ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಅದರಲ್ಲೇ ಬಾಡಿಗೆ, ಅದರಲ್ಲೇ ಊಟ. ಇಲ್ಲಿನ ಹುಡುಗರು ಇದೇ ಸರ್ಟಿಫಿಕೇಟನ್ನು ಅಪ್ರೆಂಟಿಸ್ ಆಗಿ ಸೇರಿ, ಸಂಬಳ ತಗೊಂಡು ಮುಗಿಸುತ್ತಾರೆ. ನಾವು ಫೀಸು ಕಟ್ಟಿ ಮುಗಿಸುತ್ತೇವೆ. ನಿಮ್ಮ ಅಪ್ಪಾಜಿಯ ಬೆಣ್ಣೆ ದೋಸೆ ಹೋಟೆಲಿಗೆ ಜಗಳೂರು ಕಡೆಯಿಂದ ಬಂದು ಸೇರುತ್ತಿದ್ದ ಹುಡುಗರೂ ಸಂಬಳ ತಗೊಂಡೇ ಕಲಿತದ್ದು, ಅಲ್ವಾ?

ಇನ್ನೊಂದು ಕೇಳು. ಪಾಸಾಗಬೇಕಾದರೆ ನಿಜವಾದ ಅಡುಗೆಮನೆಯಲ್ಲಿ 48 ಸರ್ವಿಸ್, ಅಂದರೆ ಗಿರಾಕಿಗಳಿಗೆ 48 ಹೊತ್ತಿನ ಅಡುಗೆ, ಮಾಡಿದ ದಾಖಲೆ ಬೇಕು. ಎಲ್ಲರೂ ಅದನ್ನು ಎವರೆಸ್ಟ್ ಹತ್ತುವ ಹಾಗೆ ಮಾತಾಡುತ್ತಾರೆ. ಬೆಳಗ್ಗೆ ಒಂದು, ಸಂಜೆ ಒಂದು ಅಂತ ಹಿಡಿದರೆ ನಿಮ್ಮ ಅಪ್ಪಾಜಿಗೆ ಅದು 24 ದಿನದ ಕೆಲಸ. ಸರ್ವಿಸ್ ಶುರುವಾಗುವ ಮೊದಲೇ ಎಲ್ಲವನ್ನೂ ಹೆಚ್ಚಿ, ಅಳೆದು, ಕೈಗೆ ಸಿಗುವ ಹಾಗೆ ಜೋಡಿಸಿಕೊಳ್ಳುವುದಕ್ಕೆ ಇಲ್ಲಿ ‘ಮೀಸ್ ಆನ್ ಪ್ಲಾಸ್’ ಅಂತ ಫ್ರೆಂಚ್ ಹೆಸರಿದೆ. ಬೆಳಗಿನ ನಾಲ್ಕಕ್ಕೆ ಆಲೂಗಡ್ಡೆ ಬೇಯಿಸಿ, ಕಾಯಿ ತುರಿದು, ಬೆಣ್ಣೆ ಡಬ್ಬಿಯನ್ನು ಎಡಗೈ ಹತ್ತಿರ ಇಟ್ಟುಕೊಂಡು ಒಲೆಗೆ ಸೌದೆ ಒಟ್ಟುತ್ತಿದ್ದರಲ್ಲ, ಅದೇ.

ಈಗ ವಿಷಯಕ್ಕೆ ಬರುತ್ತೇನೆ. ಸುಮ್ನೆ ಓದು, ಮಧ್ಯೆ ಫೋನ್ ಮಾಡಬೇಡ.

ಮೊದಲ ದಿನ ಶೆಫ್ ಒಬ್ಬೊಬ್ಬರನ್ನೇ ಕೇಳಿದರು, ನೀವು ಅಡುಗೆ ಕಲಿಯಲು ಯಾಕೆ ಬಂದಿರಿ ಅಂತ. ನೇಪಾಳದ ಹುಡುಗಿ ಅಜ್ಜಿಯ ಮೊಮೊ ಬಗ್ಗೆ ಹೇಳಿದಳು. ಕೊಲಂಬಿಯಾದವನು ಏನೋ ಹೇಳಿ ಕಣ್ಣೊರೆಸಿಕೊಂಡ. ನನ್ನ ಸರದಿ ಬಂತು. ಕಾರ್ಖಾನೆ ಬೇಜಾರಾಗಿತ್ತು, ಏಜೆಂಟು ಈ ಕೋರ್ಸು ಅಂದ, ಬಂದೆ ಅಂತ ಹೇಳಲು ಬಾಯಿ ಬರಲಿಲ್ಲ. ‘ದಾವಣಗೆರೆ ಅಂತ ಊರು, ನಮ್ಮ ತಂದೆಯ ಬೆಣ್ಣೆ ದೋಸೆ ಹೋಟೆಲ್ ಇದೆ’ ಅಂದುಬಿಟ್ಟೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹತ್ತು ವರ್ಷದವನಿದ್ದಾಗ ಮರದ ಸ್ಟೂಲ್ ಹತ್ತಿ ಚಟ್ನಿ ಬಡಿಸಿದ್ದು, ಕಾದ ಕಲ್ಲು ತಾಗಿ ಮೊಣಕೈ ಸುಟ್ಟದ್ದು, ಶಾಲೆಗೆ ಹೋದರೆ ಅಂಗಿಯಲ್ಲಿ ಹೊಗೆಯ ವಾಸನೆ ಅಂತ ಯಾರೂ ಪಕ್ಕ ಕೂರದೇ ಇದ್ದದ್ದು, ಎಲ್ಲ ಹೇಳಿದೆ. ಮೊಣಕೈ ನಿನ್ನದು. ಅಂಗಿ ನಿನ್ನದು. ಕ್ಲಾಸು ಚಪ್ಪಾಳೆ ತಟ್ಟಿದ್ದು ನನಗೆ.

(ಗಾಬರಿಯಾಗಬೇಡ, ವೀಸಾ ಫಾರ್ಮಿನಲ್ಲಿ ಇದನ್ನೆಲ್ಲ ಬರೆದಿಲ್ಲ. ಅಲ್ಲಿ ಬರೆದದ್ದು ನಿಜ, ಹಾಗಾಗಿ ಬಹಳ ಬೋರು.)

ಪಾಪಕ್ಕೆ ಶಿಕ್ಷೆ ಕಳೆದ ವಾರ ಸಿಕ್ಕಿತು. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಅಡುಗೆ ಮಾಡಿ ತೋರಿಸಬೇಕು ಅಂದರು. ನನ್ನ ಹೆಸರಿನ ಮುಂದೆ ಶೆಫ್ ಅವರೇ ‘ದೋಸಾ’ ಅಂತ ಬರೆದಿದ್ದರು. ಡ್ಯಾಂಡೆನಾಂಗ್‌ಗೆ ರೈಲು ಹತ್ತಿ ಹೋಗಿ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ, ಉದ್ದು, ಮಂಡಕ್ಕಿ ತಂದೆ. ಮಂಡಕ್ಕಿ ಅಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಪೊಟ್ಟಣದ ಮೇಲೆ ‘ಮಮ್ರಾ’ ಅಂತಿರುತ್ತದೆ. ಜುಲೈ ಇಲ್ಲಿ ಚಳಿಗಾಲ. ಹಿಟ್ಟು ಏಳಲಿ ಅಂತ ಓವನ್ನಿನ ಲೈಟ್ ಮಾತ್ರ ಹಾಕಿ ರಾತ್ರಿಯಿಡೀ ಒಳಗಿಟ್ಟೆ.

ಇಲ್ಲಿ ಒಂದು ನಿಯಮ ಇದೆ. 5 ಡಿಗ್ರಿಯಿಂದ 60 ಡಿಗ್ರಿವರೆಗೆ ಅಪಾಯದ ವಲಯ. ಕೆಡುವಂಥ ಆಹಾರ ಅದರಲ್ಲಿ ಒಟ್ಟು 4 ಗಂಟೆ ದಾಟಿತೋ, ಕಸದ ಬುಟ್ಟಿಗೆ. ಇದನ್ನು ಬಾಯಿಪಾಠ ಮಾಡಿರುವ ಕ್ಲಾಸಿನ ಮುಂದೆ ‘ಇದು ನಿನ್ನೆಯಿಂದ ಹೊರಗಿದೆ’ ಅಂದರೆ ಹೇಗಿರುತ್ತೆ ಯೋಚಿಸು. ಶೆಫ್ ಮಾತ್ರ ನಕ್ಕರು. ಹುಳಿಬರಿಸಿದ ಬ್ರೆಡ್ಡಿನ ಹಿಟ್ಟೂ ಹೀಗೇ ಅಂದರು. ಆಮೇಲೆ ಕೇಳಿದರು: ‘ಹಿಟ್ಟು ಎದ್ದಿದೆ ಅಂತ ನಿಮ್ಮ ತಂದೆಗೆ ಹೇಗೆ ಗೊತ್ತಾಗುತ್ತದೆ?’

ನಾನು ‘8 ಗಂಟೆ’ ಅಂದೆ.

ಅವರು ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ. ಆ ಎರಡು ನಿಮಿಷದಲ್ಲಿ ನನಗೆ ನೆನಪಾದದ್ದು ನಿಮ್ಮ ಅಪ್ಪಾಜಿ. ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಿದ್ದರು. ಕೈಯಲ್ಲಿ ಹಿಟ್ಟು ಎತ್ತಿ ಬಿಡುತ್ತಿದ್ದರು. ಬಿದ್ದ ಹಿಟ್ಟಿನಲ್ಲಿ ಅವರು ಏನು ನೋಡುತ್ತಿದ್ದರೋ. ನಾನು ಆಗ ನನ್ನ ಪ್ಲೇಟು ಯಾವಾಗ ಬರುತ್ತೆ ಅಂತ ನೋಡುತ್ತಿದ್ದೆ.

ದೋಸೆ ಕಲ್ಲಿಗೆ ಕಚ್ಚಿಕೊಂಡಿತು. ಅದು ಬಿಡು.

ಅವತ್ತಿಂದ ಇನ್ನೊಂದು ದಿನ ತಲೆಯಲ್ಲಿ ಸುತ್ತುತ್ತಿದೆ. ನಿನಗೂ ನೆನಪಿರುತ್ತದೆ, ಅದರ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಐದು ಜನರನ್ನು ನಿಮ್ಮ ಹೋಟೆಲಿಗೆ ಕರೆತಂದಿದ್ದೆ. ನೀನು ಪಿಯುಸಿ ಬಿಟ್ಟು ಕಲ್ಲಿನ ಮುಂದೆ ನಿಂತು ಆಗಲೇ ಮೂರು ವರ್ಷ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಗುತ್ತಾ ಟೇಬಲ್ ಹತ್ತಿರ ಬಂದೆ. ನಾನು ನಿನ್ನ ಹೆಸರು ಹಿಡಿದು ಕರೆಯಲಿಲ್ಲ. ‘ಬಾಸ್, ಇನ್ನೊಂದು ಸಲ ಚಟ್ನಿ’ ಅಂದೆ. ನೀನು ಚಟ್ನಿ ತಂದೆ. ಬಿಲ್ಲೂ ತಂದೆ. ಪೂರ್ತಿ ಬಿಲ್ಲು. ಮೂರನೇ ಕ್ಲಾಸಿನಿಂದ ಇವತ್ತಿನವರೆಗೆ ನೀನು ನನ್ನ ಹತ್ತಿರ ದುಡ್ಡು ತಗೊಂಡದ್ದು ಅದೊಂದೇ ಸಲ.

ಊರಲ್ಲಿದ್ದಾಗ ನಿನ್ನನ್ನು ಗೊತ್ತು ಅಂತ ಹೇಳಿಕೊಳ್ಳಲಿಲ್ಲ. ಇಲ್ಲಿ ಬಂದು ನಿಮ್ಮ ಅಪ್ಪನನ್ನೇ ನನ್ನ ಅಪ್ಪ ಅಂದೆ.

ಸರಿ, ಸಾಕು. ಮೂಗು ಸೋರುತ್ತಿದೆ, ಈರುಳ್ಳಿ ಅಂತ ರೂಮ್‌ಮೇಟಿಗೆ ಹೇಳಿದ್ದೇನೆ. ಬರೆಯಲು ಕೂತದ್ದು ನಿಜವಾಗಿ ಒಂದು ಸಣ್ಣ ಕೆಲಸಕ್ಕೆ. ಮುಂದಿನ ಗುರುವಾರ ಶೆಫ್ ಇನ್ನೊಂದು ಚಾನ್ಸ್ ಕೊಟ್ಟಿದ್ದಾರೆ. ನಾಲ್ಕು ಪಾವು ಅಕ್ಕಿಗೆ ಮಂಡಕ್ಕಿ ಎಷ್ಟು? ನೆನೆಸಿ ಹಿಂಡಬೇಕಾ, ಹಾಗೇ ಹಾಕಬೇಕಾ? ಉದ್ದು ಜಾಸ್ತಿ ಆದರೆ ಕಚ್ಚುತ್ತಾ? ಅಪ್ಪಾಜಿಯನ್ನೇ ಕೇಳಿ ಹೇಳು. ಯಾಕೆ ಅಂತ ಅವರು ಕೇಳಿದರೆ ಆಸ್ಪತ್ರೆ ಕೋರ್ಸಿಗೆ ಅಂತ ಹೇಳು.

ವಾಯ್ಸ್ ಮೆಸೇಜ್ ಮಾಡು, ಈ ಸಲ ಉತ್ತರ ಕೊಡುತ್ತೇನೆ. ಛತ್ರಿ ಸುದ್ದಿ ಮಾತ್ರ ಬೇಡ.

ನಿನ್ನ,
ಚಟ್ನಿ ಬಾಸ್