ತಿಂಗಳ ಕ್ಲೀನಿಂಗ್ ಪ್ಲಾನ್ ನಿಲ್ಲಿಸ್ತಾ ಇದ್ದೀವಿ, ಇನ್ಮೇಲೆ ನಿಮ್ಮ ರೆಕಾರ್ಡ್ ನೀವೇ ಮನೇಲಿ ತೊಳ್ಕೊಳ್ಳಿ

ಮುಂಬೈ ಮಾಟುಂಗದ ನಮ್ಮ ಗ್ರಾಮಫೋನ್ ರೆಕಾರ್ಡ್ ಅಂಗಡಿಯ ಎಲ್ಲ ಗ್ರಾಹಕರಿಗೂ ನಮಸ್ಕಾರ,

ವಿಷಯ ನೇರವಾಗಿ ಹೇಳ್ಬಿಡ್ತೀವಿ. ನವೆಂಬರ್ 1ರಿಂದ ನಮ್ಮ ತಿಂಗಳ ಕ್ಲೀನಿಂಗ್ ಪ್ಲಾನ್ ಇರಲ್ಲ. ನಮ್ಮ ಹುಡುಗ ಮನೆಗೆ ಬಂದು ರೆಕಾರ್ಡ್ ತಗೊಂಡು ಹೋಗಿ, ಮಷೀನಲ್ಲಿ ತೊಳೆದು, ವಾಪಸ್ ತಂದುಕೊಡ್ತಿದ್ದ ಸರ್ವಿಸ್ ಅಕ್ಟೋಬರ್ ಕೊನೆಗೆ ಮುಗಿಯುತ್ತೆ. ಬೂಷ್ಟು ಹಿಡಿದಿರೋದು, ಎಣ್ಣೆ ಜಿಡ್ಡು ಕೂತಿರೋದು, ಮತ್ತೆ 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು ತಿರುಗೋ) ಹಳೇ ಪ್ಲೇಟುಗಳು, ಇಷ್ಟನ್ನ ಮಾತ್ರ ತೊಳೆಯೋಕೆ ತಗೋತೀವಿ, ಅದೂ ನೀವು ಅಂಗಡಿಗೇ ತಂದುಕೊಟ್ರೆ. ಅದರ ರೇಟು ಮೊದಲಿದ್ದಷ್ಟೇ, ಏನೂ ಏರಿಸಿಲ್ಲ. ಪ್ಲಾನಿಗೆ ಮುಂಚೆನೇ ದುಡ್ಡು ಕಟ್ಟಿರೋರಿಗೆ ಉಳಿದ ತಿಂಗಳುಗಳದ್ದು ಪೂರ್ತಿ ವಾಪಸ್ ಬರುತ್ತೆ.

ನಡೀತಾ ಇರೋ ಸರ್ವಿಸ್ ಯಾಕೆ ನಿಲ್ಲಿಸ್ತೀರಿ ಅಂತ ಬಹಳ ಜನ ಫೋನ್ ಮಾಡಿ ಕೇಳಿದ್ರಿ, ಕೆಲವರು ಬೇಜಾರೂ ಮಾಡ್ಕೊಂಡ್ರಿ, ಅದಕ್ಕೇ ಇಷ್ಟುದ್ದ ಬರೀತಾ ಇದ್ದೀವಿ. ಈ ಪ್ಲಾನ್ ಶುರು ಮಾಡಿದ್ದು ಲಾಕ್‌ಡೌನ್ ಮುಗಿದ ಮೇಲೆ. ಆಗ ಮನೆಮನೆಯಲ್ಲೂ ಅಟ್ಟದ ಮೇಲಿಂದ, ಮಂಚದ ಕೆಳಗಿಂದ ಪೆಟ್ಟಿಗೆಗಟ್ಟಲೆ ರೆಕಾರ್ಡ್ ಹೊರಗೆ ಬಂದ್ವು, ಎಲ್ಲಾ ಬೂಷ್ಟು, ಎಲ್ಲಾ ಧೂಳು, ಮನೇಲಿ ತೊಳೆಯೋ ಸ್ಥಿತಿನೇ ಇರಲಿಲ್ಲ. ಈಗ ಆ ಪೆಟ್ಟಿಗೆಗಳೆಲ್ಲ ಒಂದು ಸುತ್ತು ತೊಳೆದಾಗಿದೆ. ಈಗ ನಮ್ಮ ಟೇಬಲ್ಲಿಗೆ ಬರೋ ರೆಕಾರ್ಡ್‌ಗಳನ್ನ ದೀಪಕ್ಕೆ ಓರೆಯಾಗಿ ಹಿಡಿದು ನೋಡಿದ್ರೆ ಬರೀ ನಾಲ್ಕು ಎಳೆ ಧೂಳು ಇರುತ್ತೆ, ಬ್ರಷ್ ಆಡಿಸಿದ್ರೆ ಹೋಗೋವಂಥದ್ದು. ಒಮ್ಮೆ ಸರಿಯಾಗಿ ತೊಳೆದು ಹೊಸ ಒಳಕವರಿಗೆ ಹಾಕಿಟ್ಟ ಎಲ್‌ಪಿಯನ್ನ (ಲಾಂಗ್ ಪ್ಲೇ ರೆಕಾರ್ಡನ್ನ) ತಿಂಗಳಿಗೊಂದು ಸಲ ನೀರಿಗೆ ಹಾಕೋ ಅವಶ್ಯಕತೆ ಇಲ್ವೇ ಇಲ್ಲ. ಅದರ ಮೇಲೆ ಅದು ಡೊಂಬಿವಲಿಯಿಂದ ಮಾಟುಂಗಕ್ಕೆ ಲೋಕಲ್ ಟ್ರೇನಲ್ಲಿ ಬಂದು ಹೋಗಬೇಕು, ಆ ನೂಕುನುಗ್ಗಲಲ್ಲಿ ಕವರಿನ ಮೂಲೆ ಮುದುಡುತ್ತೆ, ಬೆನ್ನು ಸೀಳುತ್ತೆ. ಕೆಲವರ ಹತ್ರ ಕಾಲಾ ಘೋಡಾದ ರಿದಮ್ ಹೌಸಲ್ಲಿ ಅಪ್ಪ ಕೊಂಡಿದ್ದು ಅಂತ ಜೋಪಾನ ಮಾಡಿಟ್ಟಿರೋ ಎಲ್‌ಪಿಗಳಿವೆ, ಆ ಅಂಗಡಿ 2016ರಲ್ಲೇ ಮುಚ್ಚಿತು, ಅಂಥ ಕವರ್ ಹರಿದ್ರೆ ಎಲ್ಲಿಂದ ತರೋದು? ಧೂಳಿಗಿಂತ ಈ ಓಡಾಟವೇ ರೆಕಾರ್ಡಿಗೆ ಜಾಸ್ತಿ ಕೆಟ್ಟದ್ದು, ನಮ್ಮ ತೀರ್ಮಾನ ಇಷ್ಟೇ. ನಿಮಗೆ ಬೇಕಿಲ್ಲದ ಕೆಲಸಕ್ಕೆ ತಿಂಗಳು ತಿಂಗಳು ದುಡ್ಡು ತಗೊಳ್ಳೋಕೆ ನಮಗೂ ಮನಸ್ಸಿಲ್ಲ. ತೊಳೆಯೋ ಕೆಲಸದಲ್ಲಿದ್ದ ಇಬ್ಬರ ಗತಿ ಏನು ಅಂತಲೂ ಒಂದಿಬ್ಬರು ಕೇಳಿದ್ರಿ, ಅವರು ನಮ್ಮ ಜೊತೆನೇ ಇರ್ತಾರೆ, 78ರ ಪ್ಲೇಟುಗಳ ಕೆಲಸ ಕೈತುಂಬಾ ಇದೆ.

ಈಗ ಮನೇಲಿ ಹೇಗೆ ಅನ್ನೋದು. ಮೊದಲು ಒಂದು ವಿಷಯ ಗಟ್ಟಿ ಮಾಡ್ಕೊಳ್ಳಿ, ನಿಮ್ಮ ಕೈಲಿರೋದು ವಿನೈಲಾ ಅಥವಾ ಅರಗಿನ ಪ್ಲೇಟಾ. ಎಲ್‌ಪಿ ಬಂದಿದ್ದು 1948ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿಯಿಂದ, 45 ಸ್ಪೀಡಿನ ಚಿಕ್ಕದು ಮರುವರ್ಷ ಆರ್‌ಸಿಎ ವಿಕ್ಟರ್‌ನಿಂದ, ಇವು ವಿನೈಲ್, ಅಂದ್ರೆ ಪಿವಿಸಿ ಜಾತಿಯ ಪ್ಲಾಸ್ಟಿಕ್. ಅದಕ್ಕೂ ಮುಂಚಿನ 78ರ ಪ್ಲೇಟುಗಳು ಅರಗಿಗೆ ಕಲ್ಲಿನ ಪುಡಿ ಎಲ್ಲ ಬೆರೆಸಿ ಒತ್ತಿದ್ದು, ಕೈಗೆ ಭಾರ, ಬಿದ್ರೆ ಚೂರು. ನಮ್ಮ ದೇಶದಲ್ಲಿ 78ರ ಪ್ಲೇಟು 1960ರ ದಶಕದಲ್ಲೂ ಬರ್ತಾ ಇತ್ತು, ಹಾಗಾಗಿ ಎಷ್ಟೋ ಮನೆಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎರಡೂ ಇರುತ್ತೆ, ಕೆಳಗೆ ಕಾಳಿಂಗರಾಯರ 78, ಮೇಲೆ ಭೀಮಸೇನ ಜೋಶಿಯವರ ಎಲ್‌ಪಿ. ಈ ಎರಡಕ್ಕೂ ಒಂದೇ ಔಷಧ ಅಲ್ಲ. ಅರಗು ಆಲ್ಕೋಹಾಲಲ್ಲಿ ಕರಗುತ್ತೆ. ಚೆಂಬೂರಿನಲ್ಲಿ ಹೋಟೆಲ್ ನಡೆಸೋ ನಮ್ಮ ಗ್ರಾಹಕರೊಬ್ಬರ ಮನೇಲಿ ಯಾರೋ ಹಬ್ಬದ ಸಾಫ್‌ಸಫಾಯಿ ದಿನ ಮೆಡಿಕಲ್ ಶಾಪಿನ ಸ್ಪಿರಿಟ್ ಹತ್ತಿಗೆ ಹಾಕಿ ಅಜ್ಜನ ಪ್ಲೇಟು ಒರೆಸಿದ್ರು, ಹತ್ತಿ ಕಪ್ಪಗಾಯ್ತು, ಕೊಳೆ ಬರ್ತಾ ಇದೆ ಅಂತ ಇನ್ನೂ ತಿಕ್ಕಿದ್ರು. ಬರ್ತಾ ಇದ್ದಿದ್ದು ಕೊಳೆ ಅಲ್ಲ, ಪ್ಲೇಟೇ. ನಮ್ಮಲ್ಲಿಗೆ ತಂದಾಗ ಒರೆಸಿದ ಕಡೆ ಹೊಳಪು ಸತ್ತು ಬೂದಿ ಬಣ್ಣಕ್ಕೆ ತಿರುಗಿತ್ತು, ಮುಳ್ಳು ಇಟ್ರೆ ಹಾಡಿಗಿಂತ ಜೋರಾಗಿ ಸುಯ್ ಅನ್ನೋ ಸದ್ದು. ಅದಕ್ಕೆ ಪರಿಹಾರ ಇಲ್ಲ. ಗಂಗೂಬಾಯಿ ಹಾನಗಲ್ ಅವರ ಶುರುವಿನ ಪ್ಲೇಟುಗಳು ಗಾಂಧಾರಿ ಹುಬ್ಬಳ್ಳಿ ಅನ್ನೋ ಹೆಸರಲ್ಲಿ ಬಂದಿದ್ವು, ಅಂಥದ್ದು ನಿಮ್ಮ ಮನೇಲಿದ್ರೆ ದಯವಿಟ್ಟು ಏನೂ ಹಚ್ಚಬೇಡಿ, ಒಣ ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೆದು ನಮ್ಮ ಹತ್ರ ತನ್ನಿ.

ಇನ್ನು ಎಲ್‌ಪಿ. ಅದರ ಗೆರೆ ಸುಮಾರು ಒಂದು ತಲೆಗೂದಲಿನಷ್ಟೇ ಅಗಲ. ಅದರೊಳಗೆ ಓಡೋ ಮುಳ್ಳಿನ ಭಾರ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ, ಕೇಳೋಕೆ ಏನೂ ಅಲ್ಲ, ಆದ್ರೆ ಆ ಭಾರ ಬೀಳೋ ಜಾಗ ಕಣ್ಣಿಗೆ ಕಾಣದಷ್ಟು ಚಿಕ್ಕದು, ಹಾಗಾಗಿ ಒತ್ತಡ ಭಯಂಕರ. ಗೆರೆಯಲ್ಲಿ ಒಂದು ಕಣ ಮರಳಿದ್ರೆ ಮುಳ್ಳು ಅದನ್ನ ಗೋಡೆಗೆ ಒತ್ತಿ ಉಜ್ಜಿಕೊಂಡೇ ಹೋಗುತ್ತೆ, ಆಮೇಲೆ ಎಷ್ಟು ತೊಳೆದ್ರೂ ಆ ಟಕ್ ಟಕ್ ಹೋಗಲ್ಲ. ಅದಕ್ಕೇ ತೊಳೆಯೋದಕ್ಕಿಂತ ಮುಖ್ಯ, ಪ್ರತಿ ಸಲ ಹಾಕೋ ಮುಂಚೆ ಕಾರ್ಬನ್ ಫೈಬರ್ ಬ್ರಷ್. ಪ್ಲ್ಯಾಟರ್, ಅಂದ್ರೆ ರೆಕಾರ್ಡ್ ಕೂರೋ ತಟ್ಟೆ, ತಿರುಗ್ತಾ ಇರಲಿ, ಬ್ರಷ್ಷಿನ ಕೂದಲು ಗೆರೆಗೆ ಹಗುರವಾಗಿ ತಾಗಿದ್ರೆ ಸಾಕು, ಒತ್ತಬೇಡಿ, ಎರಡು ಮೂರು ಸುತ್ತು ಆದ್ಮೇಲೆ ನಿಧಾನಕ್ಕೆ ಹೊರ ಅಂಚಿನ ಕಡೆ ಸರಿಸಿ ಎತ್ತಿ. ಇಷ್ಟೇ. ಬನಿಯನ್ ಬಟ್ಟೆ, ಲುಂಗಿ ಅಂಚು, ಅಂಗಿ ತೋಳು, ಇವು ಯಾವುದೂ ಬೇಡ, ಒಣ ಬಟ್ಟೆ ಧೂಳನ್ನ ತೆಗೆಯಲ್ಲ, ಗೆರೆ ಮೇಲೆ ಎಳೆಯುತ್ತೆ, ಸ್ಟ್ಯಾಟಿಕ್ ಬೇರೆ ಹುಟ್ಟಿ ಇನ್ನಷ್ಟು ಧೂಳು ಸೆಳೆಯುತ್ತೆ.

ಒದ್ದೆ ಮಾಡಿ ತೊಳೆಯೋದು ಯಾವಾಗ ಅಂದ್ರೆ, ಹಳೇ ರೆಕಾರ್ಡು ಹೊಸದಾಗಿ ಮನೆಗೆ ಬಂದಾಗ. ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲೋ ಫೋರ್ಟಿನ ಫುಟ್‌ಪಾತಲ್ಲೋ ಕೊಂಡಿದ್ದು ಎಷ್ಟೇ ಹೊಳೀತಾ ಇರಲಿ, ತೊಳೆಯದೆ ಮುಳ್ಳು ಇಡಬೇಡಿ. ಇಲ್ಲಾಂದ್ರೆ ಬ್ರಷ್ ಮಾಡಿದ ಮೇಲೂ ಚಟಪಟ ಉಳಿದ್ರೆ, ಬೆರಳಚ್ಚು ಕಾಣಿಸಿದ್ರೆ.

ನೀರಿನ ವಿಷಯ ನಮ್ಮ ಊರಲ್ಲಿ ಸ್ವಲ್ಪ ಬಿಡಿಸಿ ಹೇಳ್ಬೇಕು. ಮುಂಬೈಗೆ ಭಾತ್ಸಾ, ವೈತರಣಾ, ತಾನ್ಸಾ ಕಡೆಯಿಂದ ಬರೋ ಮುನಿಸಿಪಾಲ್ಟಿ ನೀರು ಕೆರೆಯ ನೀರು, ಅಷ್ಟೇನೂ ಗಡಸಲ್ಲ. ಆದ್ರೆ ವಸಾಯಿ, ವಿರಾರ್, ಮೀರಾ ರೋಡ್ ಕಡೆ ಎಷ್ಟೋ ಸೊಸೈಟಿಗಳಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳೀ ಕಲೆ ಕಟ್ಟೋವಂಥದ್ದು. ಆ ಬಿಳೀ ಕಲೆನೇ ಗೆರೆಯೊಳಗೂ ಒಣಗಿ ಕೂರುತ್ತೆ. ಯಾವ ಏರಿಯಾದಲ್ಲೇ ಇರಿ, ಲಿಕ್ವಿಡ್ ಕಲಸೋಕೂ ಕೊನೇ ಸಲ ತೊಳೆಯೋಕೂ ಡಿಸ್ಟಿಲ್ಡ್ ವಾಟರ್ ತನ್ನಿ, ಬಿಸಿ ಮಾಡಬೇಡಿ. ವಿನೈಲ್ ಬಿಸಿಗೆ ಮೆತ್ತಗಾಗಿ ಸೊಟ್ಟ ಆಗುತ್ತೆ, ಗೀಸರ್ ನೀರು ಅಂತೂ ಬೇಡವೇ ಬೇಡ.

ಬರೀ ನೀರು ಗೆರೆಯೊಳಗೆ ಇಳಿಯಲ್ಲ, ಮೇಲೆ ಗುಂಡು ಗುಂಡಾಗಿ ನಿಲ್ಲುತ್ತೆ, ನೀವೇ ಒಂದು ಹನಿ ಹಾಕಿ ನೋಡಿ. ಅದು ಹರಡಿಕೊಳ್ಳೋ ಹಾಗೆ ಮಾಡೋಕೆ ಸರ್ಫ್ಯಾಕ್ಟಂಟ್ ಬೇಕು, ಅದೂ ನಾನ್-ಅಯಾನಿಕ್ (ವಿದ್ಯುತ್ ಚಾರ್ಜ್ ಇಲ್ಲದ) ಅನ್ನೋ ಜಾತಿ, ವಾಸನೆ ಬಣ್ಣ ಏನೂ ಇಲ್ಲದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನೋರು ತಮ್ಮ ಸಂಗ್ರಹಕ್ಕೆ ಟರ್ಜಿಟಾಲ್ ಅನ್ನೋ ಇಂಥದ್ದೇ ಸರ್ಫ್ಯಾಕ್ಟಂಟನ್ನ ಶುದ್ಧ ನೀರಿಗೆ ಅತಿ ಕಮ್ಮಿ ಪ್ರಮಾಣದಲ್ಲಿ ಬೆರೆಸಿ ಬಳಸ್ತಾರೆ, ಆಲ್ಕೋಹಾಲ್ ಹಾಕಲ್ಲ. ಡಾರ್ಕ್‌ರೂಮಲ್ಲಿ ಫಿಲ್ಮ್ ತೊಳೆಯೋರು ಕೊನೇಲಿ ಹಾಕೋ ವೆಟಿಂಗ್ ಏಜೆಂಟ್ ಕೂಡ ಆಗುತ್ತೆ, ಒಂದು ಲೀಟರಿಗೆ ಕೆಲವೇ ಹನಿ, ನೊರೆ ಬಂದ್ರೆ ಜಾಸ್ತಿ ಆಯ್ತು ಅಂತ ಅರ್ಥ. ಪಾತ್ರೆ ತೊಳೆಯೋ ಜೆಲ್ ಆಗಲ್ವಾ ಅಂತ ದಿನಾ ಯಾರಾದ್ರೂ ಕೇಳ್ತಾರೆ, ಅದರಲ್ಲಿ ಸುವಾಸನೆ, ಬಣ್ಣ, ಏನೇನೋ ಇರುತ್ತೆ, ಗೆರೆಯಲ್ಲಿ ಉಳಿಯುತ್ತೆ, ಬೇಡ. ಗಾಜು ಒರೆಸೋ ನೀಲಿ ಲಿಕ್ವಿಡ್ ಬೇಡ. ಫೆವಿಕಾಲ್ ಬಳಿದು ಒಣಗಿಸಿ ಸಿಪ್ಪೆ ಥರ ಎಳೆಯೋ ವಿಡಿಯೋ ನೋಡಿ ಮರುಳಾಗಬೇಡಿ, ಒಂದು ಚೂರು ಗೆರೆಯಲ್ಲಿ ಹರಿದು ಉಳೀತು ಅಂದ್ರೆ ತೆಗೆಯೋ ಹೊತ್ತಿಗೆ ಸಾಕುಬೇಕಾಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲನ್ನ ತೀರಾ ತೆಳು ಮಾಡಿ ವಿನೈಲಿಗೆ ಬಳಸೋರು ಇದ್ದಾರೆ, ಅದರ ಬಗ್ಗೆ ವಾದಗಳೂ ಇವೆ, ಮನೇಲಿ ಬೇಡ ಅನ್ನೋದೇ ನಮ್ಮ ಮಾತು, ಯಾಕಂದ್ರೆ ಬಾಟಲಿ ಒಂದು ಸಲ ಮನೇಲಿ ಇದ್ರೆ ಯಾರೋ ಒಬ್ರು ಅದನ್ನ 78ಕ್ಕೂ ಹಾಕ್ತಾರೆ, ಮತ್ತೆ ಅಡುಗೆಮನೆ ಗ್ಯಾಸ್ ಹತ್ರ ಇಡೋ ವಸ್ತು ಅಲ್ಲ ಅದು.

ತೊಳೆಯೋದು ಹೀಗೆ. ಮೊದಲು ಒಣ ಬ್ರಷ್. ಆಮೇಲೆ ಮಧ್ಯದ ಕಾಗದದ ಲೇಬಲ್ ನೆನೆಯದ ಹಾಗೆ ಅದೇ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಕವುಚಿ ಒಂದು ಕೈಲಿ ಹಿಡ್ಕೊಳ್ಳಿ, ಕೆಳಗೆ ಮೆತ್ತನೆ ಟವೆಲ್ ಇರಲಿ. ಲಿಕ್ವಿಡ್ ಸ್ಪ್ರೇ ಮಾಡಿ ಅರ್ಧ ನಿಮಿಷ ಬಿಡಿ, ಕೊಳೆ ನೆನೆಯಲಿ. ವಾಟರ್‌ಕಲರ್ ಪೇಂಟಿಂಗಿಗೆ ಬರೋ ಅಗಲದ ಮೆತ್ತನೆ ಬ್ರಷ್ ತಗೊಂಡು ಗೆರೆ ಹೋಗೋ ದಾರೀಲೇ, ಸುತ್ತಲೂ, ಗೆರೆಗೆ ಅಡ್ಡ ಎಳೀಬೇಡಿ. ಹತ್ತಾರು ವರ್ಷ ತೊಳೆಯದ ಎಲ್‌ಪಿ ಆದ್ರೆ ಎರಡನೇ ಸುತ್ತಿಗೇ ನೀರು ಬೂದಿ ಬಣ್ಣಕ್ಕೆ ತಿರುಗುತ್ತೆ, ನೋಡಿದಾಗ ಖುಷಿ ಆಗುತ್ತೆ ನಿಜವಾಗ್ಲೂ. ಆ ಕೊಳೆ ನೀರು ಅಲ್ಲೇ ಒಣಗೋಕೆ ಬಿಡಬಾರದು, ಮುಖ್ಯ ಇದೇ, ತಕ್ಷಣ ಶುದ್ಧ ಮೈಕ್ರೋಫೈಬರ್ ಬಟ್ಟೆ ಒತ್ತಿ ಹೀರಿಸಿ, ತಿಕ್ಕಬೇಡಿ, ಮತ್ತೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಬೇರೆ ಬಟ್ಟೆಯಿಂದ ಹೀರಿಸಿ, ಇದನ್ನ ಎರಡು ಸಲ ಮಾಡಿ. ಆಮೇಲೆ ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಲಿಸಿ, ಸ್ಟೀಲ್ ಕಡ್ಡಿ ಗೆರೆಗೆ ತಾಗದ ಹಾಗೆ, ಫ್ಯಾನ್ ಜೋರಾಗಿ ಬೇಡ, ಬಿಸಿಲಿಗಂತೂ ಇಡಲೇಬೇಡಿ. ಮಳೆಗಾಲದಲ್ಲಿ ಒಣಗೋಕೆ ತುಂಬಾ ಹೊತ್ತು ಬೇಕು, ಆತುರ ಬಿದ್ದು ತೇವ ಇರುವಾಗಲೇ ಪ್ಲೇ ಮಾಡಿದ್ರೆ ಉಳಿದ ಕೊಳೆ ಎಲ್ಲ ಮುಳ್ಳಿಗೆ ಮೆತ್ತಿಕೊಳ್ಳುತ್ತೆ.

ತೊಳೆದ ಮೇಲೆ ಹಳೇ ಒಳಕವರಿಗೇ ತುರುಕಬೇಡಿ, ತೊಳೆದಿದ್ದು ವ್ಯರ್ಥ. ಪಾಲಿಎಥಿಲೀನ್ ಒಳಕವರ್ ಹಾಕಿ. ಆ ದಪ್ಪ, ಮೆತ್ತಗೆ ಅಂಟೋ ಪಿವಿಸಿ ಕವರ್ ಇದ್ರೆ ಇವತ್ತೇ ತೆಗೆದುಬಿಡಿ, ವರ್ಷಗಟ್ಟಲೆ ಇಟ್ರೆ ವಿನೈಲ್ ಮೇಲೆ ಮಬ್ಬು ಕೂರಿಸುತ್ತೆ, ಅದು ಯಾವ ನೀರಿಗೂ ಹೋಗಲ್ಲ. ನೇರವಾಗಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಮತ್ತೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಬಿಲ್ಡಿಂಗುಗಳ ಹೊರಗೋಡೆ ಬೆವರುತ್ತೆ, ಆ ಗೋಡೆಗೆ ಕಪಾಟು ಒರಗಿಸಿರೋರು ಒಂದು ಅಂಗೈ ಅಗಲ ಮುಂದಕ್ಕೆ ಎಳೀರಿ, ಗಾಳಿ ಆಡಲಿ, ಬೂಷ್ಟು ಶುರು ಆಗೋದೇ ಆ ಹಿಂದಿನ ಸಾಲಿಂದ. ಬೂಷ್ಟು ಕಂಡ್ರೆ ಆ ರೆಕಾರ್ಡನ್ನ ಬೇರೆಯವುಗಳಿಂದ ದೂರ ಇಡಿ, ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ, ಮನೆಯೊಳಗೆ ಬ್ರಷ್ ಮಾಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಮ್ಮಲ್ಲಿಗೆ ತನ್ನಿ. ಅದನ್ನ ತೊಳೆಯೋಕೆ ವ್ಯಾಕ್ಯೂಮ್ ಮಷೀನ್ ಬೇಕು, ಗೆರೆಯಿಂದ ನೀರಿನ ಜೊತೆ ಬೂಷ್ಟನ್ನೂ ಎಳೆದು ತೆಗೆಯುತ್ತೆ.

ಇಷ್ಟೆಲ್ಲ ಓದಿ ಕೈ ನಡುಗ್ತಾ ಇದ್ರೆ ಭಾನುವಾರ ಮಧ್ಯಾಹ್ನ ಅಂಗಡಿಗೆ ಬನ್ನಿ. ನವೆಂಬರ್ ಪೂರ್ತಿ ಪ್ರತಿ ಭಾನುವಾರ 3 ಗಂಟೆಗೆ ತೊಳೆಯೋದು ಹೇಳಿಕೊಡ್ತೀವಿ, ಫೀಸ್ ಇಲ್ಲ, ಕನ್ನಡದಲ್ಲೂ ತುಳುವಲ್ಲೂ ಮರಾಠಿಯಲ್ಲೂ ಹೇಳ್ತೀವಿ, ನಿಮ್ಮದೇ ಎರಡು ಎಲ್‌ಪಿ ತನ್ನಿ, ನಿಮ್ಮ ಕೈಯಲ್ಲೇ ತೊಳೆಸ್ತೀವಿ. ಟೇಬಲ್ ಚಿಕ್ಕದು, ಹತ್ತು ಜನಕ್ಕಿಂತ ಜಾಸ್ತಿ ಆಗಲ್ಲ, ಹಾಗಾಗಿ ಮೊದಲೇ ಒಂದು ಮೆಸೇಜ್ ಹಾಕಿ. ಬ್ರಷ್, ಒಳಕವರ್, ಕಲಸಿಟ್ಟ ಲಿಕ್ವಿಡ್ ಕೌಂಟರಲ್ಲಿ ಸಿಗುತ್ತೆ, ಬೇರೆ ಕಡೆ ಕೊಂಡ್ರೂ ನಮಗೇನೂ ಬೇಸರ ಇಲ್ಲ, ಮೇಲೆ ಹೇಳಿದ ಥರದ್ದು ಆದ್ರೆ ಸಾಕು. ವಯಸ್ಸಾದೋರು, ಕೈ ಕಾಲು ನೋವಿರೋರು, ಮನೇಲಿ ಒಬ್ಬರೇ ಇರೋರು ಯಾರಾದ್ರೂ ಇದ್ರೆ ಫೋನ್ ಮಾಡಿ, ಪ್ಲಾನ್ ನಿಂತ್ರೂ ನಿಮ್ಮ ಮನೆಗೆ ನಾವು ಬರ್ತೀವಿ, ಅದಕ್ಕೆ ಬೇರೆ ಲೆಕ್ಕ ಇಲ್ಲ.

ಈಗ ನಮ್ಮ ಹತ್ರ ಇರೋ ರೆಕಾರ್ಡ್‌ಗಳೆಲ್ಲ ಅಕ್ಟೋಬರ್ 31ರೊಳಗೆ ಮನೆಗೆ ತಲುಪುತ್ತೆ. ಕೈಗೆ ಬಂದ ತಕ್ಷಣ ನಮ್ಮ ಹುಡುಗನ ಎದುರಲ್ಲೇ ಪ್ರತಿಯೊಂದನ್ನೂ ತೆಗೆದು ಲೇಬಲ್, ಕವರ್ ನೋಡಿ ಸಹಿ ಹಾಕಿ. ಬಾಕಿ ದುಡ್ಡು ನೀವು ಕಟ್ಟಿದ ನಂಬರಿಗೇ ಯುಪಿಐನಲ್ಲಿ ಬರುತ್ತೆ, ನಂಬರ್ ಬದಲಾಗಿದ್ರೆ ಅಕ್ಟೋಬರ್ 20ರೊಳಗೆ ತಿಳಿಸಿ.

ಇಂತಿ ನಿಮ್ಮ,
ಮಾಟುಂಗದ ರೆಕಾರ್ಡ್ ಅಂಗಡಿಯವರು