ಪಕ್ಕದ ಕುರ್ಚಿಯಲ್ಲಿ ಕುಳಿತವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಹೆರಿಗೆಯ ನಂತರ ತಾಯಂದಿರನ್ನು ಕಾಡುವ ಖಿನ್ನತೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಅದರಲ್ಲಿ ಹೇಳಿದ ಯಾವ ಮಾತಿಗೂ ನನ್ನ ತಕರಾರಿಲ್ಲ. ಆದರೆ ಗಂಡನ ಪ್ರಸ್ತಾಪ ಬರುವುದು ‘ಹೆಂಡತಿಗೆ ಆಸರೆಯಾಗಿ ನಿಲ್ಲಬೇಕು’ ಎಂಬ ಒಂದೇ ಸಾಲಿನಲ್ಲಿ. ಆಸರೆಯಾಗಬೇಕಾದವರೇ ಕುಸಿದಿದ್ದರೆ ಆ ಮನೆಯ ಗತಿ ಏನು ಎಂಬುದನ್ನು ಕಂಡವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಎರಡನೆಯ ಮಗುವಿಗೆ ಮೂರೂವರೆ ತಿಂಗಳಾಗಿದ್ದಾಗ ಲಸಿಕೆ ಹಾಕಿಸಲು ಹೋಗಿದ್ದೆವು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದು ನರ್ಸ್ ನನ್ನನ್ನು ಸಮಾಧಾನವಾಗಿ ವಿಚಾರಿಸಿದರು. ಪಕ್ಕದ ಕುರ್ಚಿಯಲ್ಲಿ ಮಗುವಿನ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ನನ್ನ ಗಂಡನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬಿಲ್ ಕಟ್ಟಿದಿರಾ?’ ಆ ಹೊತ್ತಿಗಾಗಲೇ, ಮಗು ಮಲಗಿದ ಮೇಲೂ ಅವರಿಗೆ ನಿದ್ದೆ ಹತ್ತದೆ ಎರಡು ತಿಂಗಳಾಗಿತ್ತು. ರಾತ್ರಿ ಬಾಟಲಿಗಳನ್ನು ತೊಳೆದು ಮುಗಿಸಿದ ಮೇಲೂ ನಲ್ಲಿ ಬಿಟ್ಟುಕೊಂಡು ಸಿಂಕಿನ ಮುಂದೆ ನಿಂತೇ ಇರುತ್ತಿದ್ದರು. ನನ್ನ ಮೇಲಿನ ಸಿಟ್ಟಿಗೆ ಹೀಗೆ ನಿಲ್ಲುತ್ತಾರೆಂದು ನಾನೂ ಸಿಟ್ಟಾಗುತ್ತಿದ್ದೆ. ನಮ್ಮಿಬ್ಬರ ನಡುವೆ ಉಳಿದಿದ್ದ ಮಾತೆಂದರೆ ಲೆಕ್ಕದ ಮಾತು: ನಿನ್ನೆ ಯಾರು ಎಷ್ಟು ಸಲ ಎದ್ದರು, ಯಾರು ಎಷ್ಟು ಗಂಟೆ ಮಲಗಿದರು. ಅದು ಜಗಳವಲ್ಲ, ಕಾಯಿಲೆ ಎಂದು ವೈದ್ಯರೊಬ್ಬರಿಂದ ತಿಳಿಯುವಷ್ಟರಲ್ಲಿ ಮಗುವಿಗೆ ವರ್ಷ ತುಂಬಿತ್ತು.

ಇದು ನಮ್ಮ ಮನೆಗಷ್ಟೇ ಬಂದ ಕಷ್ಟವಲ್ಲವೆಂಬುದು ನನಗೆ ಗೊತ್ತಾದದ್ದು ಆಮೇಲೆ. 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ, 43 ಅಧ್ಯಯನಗಳ ಸುಮಾರು 28,000 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಹೆಂಡತಿ ಗರ್ಭಿಣಿಯಾದಂದಿನಿಂದ ಮಗುವಿಗೆ ವರ್ಷ ತುಂಬುವವರೆಗಿನ ಅವಧಿಯಲ್ಲಿ ಖಿನ್ನತೆಗೆ ಒಳಗಾಗುವ ತಂದೆಯರು ಶೇಕಡಾ 10ರಷ್ಟು. ಮಗುವಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿನಲ್ಲಿ ಈ ಪ್ರಮಾಣ ಎಲ್ಲಕ್ಕಿಂತ ಹೆಚ್ಚು. ನೋಡಲು ಬರುವ ನೆಂಟರೆಲ್ಲ ಬಂದುಹೋಗಿ, ರಜೆ ಮುಗಿದು, ‘ಇನ್ನೇನು, ಎಲ್ಲ ಸರಿಹೋಯಿತಲ್ಲ’ ಎಂದು ಸುತ್ತಲಿನವರು ಕೈತೊಳೆದುಕೊಳ್ಳುವ ಕಾಲವೂ ಅದೇ ಎಂಬುದನ್ನು ಗಮನಿಸಬೇಕು. ದಂಪತಿಯಲ್ಲಿ ಒಬ್ಬರ ಖಿನ್ನತೆಗೂ ಇನ್ನೊಬ್ಬರ ಖಿನ್ನತೆಗೂ ನಂಟಿರುವುದನ್ನೂ ಅದೇ ವಿಶ್ಲೇಷಣೆ ತೋರಿಸಿದೆ. ಹಾಗಿರುವಾಗ ಒಬ್ಬರಿಗೆ ಮಾತ್ರ ಚಿಕಿತ್ಸೆ ಕೊಟ್ಟು, ಇನ್ನೊಬ್ಬರನ್ನು ಆಕೆಯ ಕಾವಲಿಗೆ ನೇಮಿಸಿ ಮನೆಗೆ ಕಳುಹಿಸುವುದು ಅರ್ಧ ಕೆಲಸವಷ್ಟೇ.

ಗಂಡಸರಲ್ಲಿ ಈ ಕಾಯಿಲೆ ಅಳುವಾಗಿ ಕಾಣಿಸುವುದು ಕಡಿಮೆ. ಮುಂಗೋಪ, ಮೌನ, ತಲೆನೋವು ಬೆನ್ನುನೋವು, ಕುಡಿತ, ಇಲ್ಲದ ಕೆಲಸ ಹುಡುಕಿಕೊಂಡು ಕಚೇರಿಯಲ್ಲೇ ಉಳಿಯುವುದು ಇವು ಅದರ ವೇಷಗಳು. ಇವುಗಳಲ್ಲಿ ಒಂದೊಂದನ್ನೂ ಹೆಂಡತಿಯಾದವಳು ತನ್ನ ಮೇಲಿನ ತಾತ್ಸಾರವೆಂದೇ ಓದಿಕೊಳ್ಳುತ್ತಾಳೆ. ಬಾಣಂತಿಯ ಮನೋವಿಕಾರಕ್ಕೆ ‘ಬಾಣಂತಿ ಸನ್ನಿ’ ಎಂಬ ಹಳೆಯ ಹೆಸರಾದರೂ ನಮ್ಮ ಭಾಷೆಯಲ್ಲಿದೆ. ಅಪ್ಪನ ಸಂಕಟಕ್ಕೆ ‘ಜವಾಬ್ದಾರಿ ಇಲ್ಲದವನು’ ಎಂಬ ಬೈಗುಳ ಬಿಟ್ಟರೆ ಬೇರೆ ಹೆಸರಿಲ್ಲ. (ಆ ಬೈಗುಳವನ್ನು ನಾನೂ ಬಳಸಿದ್ದೇನೆ.) ಹಾಗೆಂದು ಹೊಡೆತ ಬಡಿತವನ್ನು ಖಿನ್ನತೆಯ ಹೆಸರಿನಲ್ಲಿ ಸಹಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅಂಥಲ್ಲಿ ತಾಯಿ ಮಕ್ಕಳ ರಕ್ಷಣೆಯೇ ಮೊದಲು.

ಮಕ್ಕಳ ಮೇಲೂ ಇದರ ನೆರಳು ಬೀಳುತ್ತದೆ. ಇಂಗ್ಲೆಂಡಿನ ಏವನ್ ಪ್ರದೇಶದ ಕುಟುಂಬಗಳನ್ನು ಆಧರಿಸಿ 2005ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ನಿಯತಕಾಲಿಕ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ಹುಟ್ಟಿದ ಮೊದಲ ವಾರಗಳಲ್ಲಿ ಖಿನ್ನರಾಗಿದ್ದ ತಂದೆಯರ ಮಕ್ಕಳಲ್ಲಿ, ವಿಶೇಷವಾಗಿ ಗಂಡುಮಕ್ಕಳಲ್ಲಿ, ಮೂರೂವರೆ ವರ್ಷದ ಹೊತ್ತಿಗೆ ನಡವಳಿಕೆಯ ತೊಂದರೆಗಳು ಹೆಚ್ಚಾಗಿ ಕಂಡುಬಂದಿದ್ದವು. ತಾಯಿಯ ಖಿನ್ನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿದಿತ್ತು. ಇದನ್ನು ಹೇಳುವಾಗ ಅಪ್ಪಂದಿರ ತಲೆಯ ಮೇಲೆ ಇನ್ನೊಂದು ತಪ್ಪಿನ ಹೊರೆ ಹೊರಿಸಿದಂತಾಗಬಾರದು ಎಂಬ ಅಳುಕು ನನಗಿದೆ. ಅಂಥ ಮನೆಗಳ ಮಕ್ಕಳಿಗೆಲ್ಲ ಹೀಗಾಗುತ್ತದೆಂದು ಇದರ ಅರ್ಥವಲ್ಲ, ಮತ್ತು ಖಿನ್ನತೆ ಮಾತು, ಔಷಧಿ, ವಿಶ್ರಾಂತಿಗಳಿಂದ ವಾಸಿಯಾಗುವಂಥದ್ದು.

ಹೆರಿಗೆಯ ನಂತರ ತಾಯಂದಿರಲ್ಲಿ ಖಿನ್ನತೆಯ ಸುಳಿವನ್ನು ಗುರುತಿಸಲೆಂದು 1987ರಲ್ಲಿ ರೂಪುಗೊಂಡ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆಗಳು. ಗಂಡಸರು ಅಳುವನ್ನು ಒಪ್ಪಿಕೊಳ್ಳುವುದು ಕಡಿಮೆಯಾದ್ದರಿಂದ ಖಿನ್ನತೆ ಇರಬಹುದೆಂದು ಎಣಿಸುವ ಅಂಕಗಳ ಗಡಿಯನ್ನು ತುಸು ಕೆಳಗಿಟ್ಟುಕೊಂಡು ಅದನ್ನು ತಂದೆಯರಿಗೂ ಬಳಸಬಹುದೆಂದು ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ಲಸಿಕೆಗೆಂದು ಅಪ್ಪ ಹೇಗೂ ಬಂದು ಕುಳಿತಿರುತ್ತಾರೆ. ಅವರಿಗೂ ಈ ಪ್ರಶ್ನೆಗಳನ್ನು ಕೇಳಲು ಹೊಸ ಕಟ್ಟಡ ಬೇಕಿಲ್ಲ, ಐದು ನಿಮಿಷ ಸಾಕು. ಕೇಳುವಾಗ ಹೆಂಡತಿಯ ಎದುರಿಗೆ ಕೇಳದೆ ಬೇರೆಯಾಗಿ ಕೇಳಿದರೆ ಒಳ್ಳೆಯದು. ನನ್ನ ಗಂಡನೇ ಆಮೇಲೆ ಹೇಳಿದಂತೆ, ಅಂದು ಆ ನರ್ಸ್ ನನ್ನೆದುರು ಕೇಳಿದ್ದರೆ ಅವರ ಉತ್ತರ ‘ನನಗೇನಾಗಿದೆ, ಚೆನ್ನಾಗಿದ್ದೇನೆ’ ಎಂದೇ ಇರುತ್ತಿತ್ತು.

ಇಂತಿ,
ಇಬ್ಬರು ಮಕ್ಕಳ ತಾಯಿ, ತಮ್ಮ ಓದುಗಾರ್ತಿ