ಆಟದ ಸಮಯಮಿತಿ ಬದಲಾಗುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ

ಮಾನ್ಯ ಗ್ರಾಹಕರೇ,

ಸಪ್ರೇಮ ನಮಸ್ಕಾರಗಳು.

ದೂರದ ಎದುರಾಳಿಗಳೊಂದಿಗೆ ಫೋನಿನಲ್ಲೇ ಆಡುವಂತೆ ನಮ್ಮ ಸಹಕಾರಿಯು ನಡೆಸುತ್ತಿರುವ ಚದುರಂಗ, ಹುಲಿ-ಕುರಿ ಮತ್ತು ಚೌಕಾಬಾರಾ ಆಟಗಳಲ್ಲಿ ಪ್ರತಿ ನಡೆಗೆ 24 ಗಂಟೆ ಎಂದು ಇಲ್ಲಿಯವರೆಗೆ ಇದ್ದ ಸಮಯಮಿತಿಯನ್ನು ಬರುವ ತಿಂಗಳ 1ನೇ ತಾರೀಖಿನಿಂದ ಕೈಬಿಡುತ್ತಿದ್ದೇವೆ. ಇನ್ನು ಮುಂದೆ ಆಟ ಆರಂಭವಾಗುವಾಗ ಪ್ರತಿಯೊಬ್ಬ ಆಟಗಾರರ ಲೆಕ್ಕಕ್ಕೆ 3 ದಿನಗಳ ಸಮಯ ಜಮೆಯಾಗುತ್ತದೆ. ನಿಮ್ಮ ಪಾಳಿ ಬಂದಾಗ ಮಾತ್ರ ಅದು ಖರ್ಚಾಗುತ್ತದೆ, ನೀವು ಒಂದು ನಡೆ ನಡೆಸಿದ ಕೂಡಲೇ ಅದಕ್ಕೆ 24 ಗಂಟೆ ಸೇರುತ್ತದೆ, ಮತ್ತು ಎಷ್ಟೇ ಬೇಗ ಆಡಿದರೂ ಜಮೆ 5 ದಿನವನ್ನು ಮೀರುವುದಿಲ್ಲ. ವಾರ್ಷಿಕ ಚಂದಾದಲ್ಲಿ ಯಾವ ಬದಲಾವಣೆಯೂ ಇಲ್ಲ. ಈ ತೀರ್ಮಾನಕ್ಕೆ ನಾವು ಹೇಗೆ ಬಂದೆವು ಎಂಬುದನ್ನು ತಮಗೆ ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇವೆ.

ಹಳೆಯ ನಿಯಮವನ್ನು ಮಾಡಿದವರು ನಾವೇ. ದಿನಕ್ಕೊಂದು ನಡೆ ಆಡುವುದು ಯಾರಿಗೂ ಭಾರವಾಗಲಾರದು, ಅದಕ್ಕೆ 24 ಗಂಟೆ ಸಾಕು ಎಂದು ಆಗ ಎಣಿಸಿದ್ದೆವು. ಆ ಎಣಿಕೆಯಲ್ಲಿದ್ದ ತಪ್ಪು ನಮಗೆ ತಿಳಿದದ್ದು ತಡವಾಗಿ. ನೀವು ದಿನವೂ ರಾತ್ರಿ 8ಕ್ಕೆ ಆಡುವವರು, ನಿಮ್ಮ ಎದುರಾಳಿ ರಾತ್ರಿ 9ಕ್ಕೆ ಆಡುವವರು ಎಂದಿಟ್ಟುಕೊಳ್ಳಿ. ಇಬ್ಬರೂ ದಿನಕ್ಕೆ ಒಂದೇ ನಡೆ ಆಡುತ್ತೀರಿ, ಇಬ್ಬರೂ ಸಮಯಪಾಲಕರೇ. ಆದರೆ ಎದುರಾಳಿ ಖರ್ಚು ಮಾಡುವುದು 1 ಗಂಟೆ, ನಿಮ್ಮ ಲೆಕ್ಕದಲ್ಲಿ ಖರ್ಚಾಗುವುದು 23 ಗಂಟೆ. ನಿಮಗೆ ಉಳಿಯುವ ಅವಕಾಶ ಒಂದೇ ಒಂದು ಗಂಟೆ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವ ಗ್ರಾಹಕರೊಬ್ಬರು ಒಂದು ಸಂಜೆ ಕಚೇರಿಯಲ್ಲೇ ಹೆಚ್ಚು ಹೊತ್ತು ನಿಲ್ಲಬೇಕಾಗಿ ಬಂದು, ಮನೆ ಮುಟ್ಟುವಷ್ಟರಲ್ಲಿ ಗೆಲ್ಲುವ ಹಂತದಲ್ಲಿದ್ದ ಆಟವನ್ನು ಕಳೆದುಕೊಂಡಿದ್ದರು. ಮತ್ತೊಬ್ಬರು ತಾಯಿಯವರನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನ ಫೋನನ್ನೇ ನೋಡಿರಲಿಲ್ಲ. ಅವರು ನಡೆಸುತ್ತಿದ್ದ ಎಲ್ಲ ಆಟಗಳೂ ಒಟ್ಟಿಗೆ ಸೋಲೆಂದು ದಾಖಲಾದವು. ವಾರಗಟ್ಟಲೆ ಚೊಕ್ಕವಾಗಿ ಆಡಿದವರಿಗೆ ಒಂದು ಕೆಟ್ಟ ದಿನ ಹೀಗೆ ಶಿಕ್ಷೆಯಾಗಬಾರದಿತ್ತು. ಅವರಿಬ್ಬರಿಗೂ, ಇಂಥ ನಷ್ಟವನ್ನು ಅನುಭವಿಸಿ ಸುಮ್ಮನಿದ್ದ ಉಳಿದವರಿಗೂ ನಾವು ಕ್ಷಮೆ ಕೇಳುತ್ತೇವೆ.

ಹಾಗಾದರೆ ಪ್ರತಿ ನಡೆಗೆ 3 ದಿನ ಕೊಟ್ಟುಬಿಡಿ ಎಂಬ ಸಲಹೆ ಹಲವರಿಂದ ಬಂದಿತ್ತು. ಆ ಸಲಹೆಯ ಹಿಂದಿರುವ ಕಾಳಜಿಯನ್ನು ನಾವು ಒಪ್ಪುತ್ತೇವೆ, ಆದರೆ ಲೆಕ್ಕ ಹಾಕಿ ನೋಡಿದಾಗ ಅದನ್ನು ಎಲ್ಲರಿಗೂ ಅನ್ವಯಿಸಲು ಧೈರ್ಯ ಬರಲಿಲ್ಲ. ಚದುರಂಗದ ಒಂದು ಆಟ ಒಬ್ಬೊಬ್ಬರಿಗೆ 40 ನಡೆಗಳವರೆಗೆ ಹೋಯಿತೆಂದರೆ, ಇಬ್ಬರೂ ಮಿತಿಯ ಅಂಚಿನವರೆಗೆ ಕಾದು ಆಡಿದಲ್ಲಿ ಅದು ಮುಗಿಯಲು 240 ದಿನ ಬೇಕು. ಮುಂಗಾರು ಬಿತ್ತುವಾಗ ಹೂಡಿದ ಆಟ ಹಿಂಗಾರಿನ ಸುಗ್ಗಿಯ ಹೊತ್ತಿಗೂ ಪಟದ ಮೇಲೇ ಉಳಿದಿರುತ್ತದೆ. ಅಷ್ಟು ದೀರ್ಘ ಆಟದಲ್ಲಿ ತಾನು ಯಾವ ಉದ್ದೇಶದಿಂದ ಕುದುರೆಯನ್ನು ಅಲ್ಲಿ ನಿಲ್ಲಿಸಿದೆ ಎಂಬುದೇ ಆಟಗಾರರಿಗೆ ಮರೆತುಹೋಗುತ್ತದೆ. ಸೋಲು ಖಚಿತವಾದ ಮೇಲೆ ಪ್ರತಿ ನಡೆಗೂ ಮೂರು ಮೂರು ದಿನ ಎಳೆಯುವವರಿಗೂ ಆ ನಿಯಮ ಆಸರೆಯಾಗುತ್ತದೆ.

ಹಳೆಯ 24 ಗಂಟೆಯ ನಿಯಮದಲ್ಲಿ ಇದೇ 40 ನಡೆಗಳ ಆಟಕ್ಕೆ ಹೆಚ್ಚೆಂದರೆ 80 ದಿನ ಹಿಡಿಯುತ್ತಿತ್ತು. ಹೊಸ ಕ್ರಮದಲ್ಲಿ ಮೊದಲಿನ 3 ದಿನ ಮತ್ತು 39 ನಡೆಗಳಿಗೆ ಸೇರುವ 39 ದಿನ ಕೂಡಿ ಒಬ್ಬರಿಗೆ 42 ದಿನ, ಇಬ್ಬರಿಗೆ 84 ದಿನವಾಗುತ್ತದೆ. ಒಟ್ಟು ಆಟ ಬೆಳೆಯುವುದು ಕೇವಲ 4 ದಿನ, ಆದರೆ ಯಾವುದೇ ಒಂದು ನಡೆಗೆ ಒದಗುವ ಬಿಡುವು ಒಂದು ದಿನದಿಂದ ಮೂರು, ಕೆಲವೊಮ್ಮೆ ಐದು ದಿನಕ್ಕೆ ಏರುತ್ತದೆ. ನಮ್ಮ ಮನಸ್ಸನ್ನು ಗಟ್ಟಿ ಮಾಡಿದ್ದು ಈ ಲೆಕ್ಕವೇ.

ನಡೆಗೆ ಇಷ್ಟೆಂದು ಸಮಯ ಸೇರಿಸುವ ಈ ಪದ್ಧತಿ ನಮ್ಮ ಕಲ್ಪನೆಯಲ್ಲ. ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದ ಬಾಬಿ ಫಿಷರ್ ಇಂಥ ಗಡಿಯಾರದ ಪೇಟೆಂಟಿಗೆ 1988ರಲ್ಲಿ ಅರ್ಜಿ ಸಲ್ಲಿಸಿದರು ಮತ್ತು 1992ರಲ್ಲಿ ಬೋರಿಸ್ ಸ್ಪಾಸ್ಕಿ ಅವರೊಂದಿಗೆ ಆಡಿದ ಪಂದ್ಯದಲ್ಲಿ ಅದನ್ನು ಬಳಸಿದರು. ಇಂದು ಎದುರುಬದುರು ಕುಳಿತು ಆಡುವ ಹಲವು ದೊಡ್ಡ ಪಂದ್ಯಗಳಲ್ಲಿ ಪ್ರತಿ ನಡೆಗೆ 30 ಸೆಕೆಂಡು ಸೇರುವುದು ವಾಡಿಕೆಯಾಗಿದೆ. ಅದಕ್ಕೂ ಹಿಂದೆ ಅಂಚೆಯ ಕಾರ್ಡಿನಲ್ಲಿ ನಡೆ ಬರೆದು ಕಳಿಸುತ್ತಿದ್ದ ಕಾಲದಲ್ಲಿ 10 ನಡೆಗೆ 30 ದಿನ ಎಂಬ ಮಿತಿ ರೂಢಿಯಲ್ಲಿತ್ತು. ಕಾರ್ಡು ದಾರಿಯಲ್ಲಿ ಕಳೆದ ದಿನಗಳನ್ನು ಯಾರ ಲೆಕ್ಕಕ್ಕೂ ಹಿಡಿಯುತ್ತಿರಲಿಲ್ಲ. ಮಿತಿಯನ್ನು ಒಂದು ನಡೆಗೆ ಕಟ್ಟಿಹಾಕದೆ ಹತ್ತು ನಡೆಗಳ ಮೇಲೆ ಹರಡಿದ ಆ ಹಿರಿಯರು ಆಟಗಾರರ ಸಂಸಾರ, ದುಡಿಮೆಗಳನ್ನು ಬಲ್ಲವರಾಗಿದ್ದರು ಎಂದು ನಮಗೆ ಅನ್ನಿಸುತ್ತದೆ.

ಪ್ರತಿ ನಡೆಗೆ 24 ಗಂಟೆಗಿಂತ ಕಡಿಮೆ ಸೇರಿಸಿದರೆ ಆಟ ಚುರುಕಾಗುವುದಿಲ್ಲವೇ ಎಂದು ತಾವು ಕೇಳಬಹುದು. ನಾವು ಮೊದಲು ಗೊತ್ತುಮಾಡಿದ್ದು 12 ಗಂಟೆಯನ್ನೇ. ನಮ್ಮೊಳಗೇ ಕೆಲವು ಆಟಗಳನ್ನು ಹಾಗೆ ಆಡಿಯೂ ನೋಡಿದೆವು. ಮೇಲೆ ಹೇಳಿದ ರಾತ್ರಿ 8ರ ಆಟಗಾರರು ಆ ಕ್ರಮದಲ್ಲಿ ಪ್ರತಿ ನಡೆಗೆ 11 ಗಂಟೆ ಕಳೆದುಕೊಳ್ಳುತ್ತಾ ಹೋಗುತ್ತಾರೆ. ಐದು ನಡೆಗಳಾಗುವಷ್ಟರಲ್ಲಿ ಅವರ 72 ಗಂಟೆಯ ಜಮೆ 17ಕ್ಕೆ ಇಳಿದು, 23 ಗಂಟೆ ಬೇಡುವ ಆರನೆಯ ನಡೆಗೆ ಸಮಯವೇ ಸಾಲದೆ ಸೋಲುತ್ತಾರೆ. ದಿನಕ್ಕೊಂದು ಸಲ ತಪ್ಪದೆ ಬಂದು ಆಡುವವರನ್ನು ಸೋಲಿಸುವ ನಿಯಮ ನಿಯಮವಲ್ಲ. ಆದ್ದರಿಂದ 24 ಗಂಟೆಗೆ ಒಂದು ನಿಮಿಷವೂ ಕಡಿಮೆ ಬೇಡವೆಂದು ನಿಶ್ಚಯಿಸಿದೆವು.

5 ದಿನಗಳ ಮೇಲ್ಮಿತಿಗೆ ಬೇರೊಂದು ಕಾರಣವಿದೆ. ಆರಂಭದ ನಡೆಗಳನ್ನು ಬಾಯಿಪಾಠದಂತೆ ಸರಸರ ಆಡಿ ಎರಡು ವಾರಗಳ ಸಮಯ ಕೂಡಿಟ್ಟುಕೊಂಡು, ಆಮೇಲೆ ಮಾಯವಾದರೆ ಎದುರಾಳಿ ಸುಮ್ಮನೆ ಕಾಯಬೇಕಾಗುತ್ತದೆ. ಐದು ದಿನಕ್ಕಿಂತ ಹೆಚ್ಚು ಕಾಯಿಸುವ ಅಗತ್ಯ ನಿಜವಾಗಿಯೂ ಇದ್ದಲ್ಲಿ ಅದನ್ನು ರಜೆಯೆಂದು ಹೇಳಿ ಪಡೆಯುವುದು ಮೇಲು. ಅದಕ್ಕಾಗಿ ಪ್ರತಿಯೊಬ್ಬರಿಗೂ ವರ್ಷಕ್ಕೆ 21 ದಿನಗಳ ರಜೆಯನ್ನು ಹೊಸದಾಗಿ ಕೊಡುತ್ತಿದ್ದೇವೆ. ರಜೆ ಹಾಕಿದಾಗ ನಿಮ್ಮ ಎಲ್ಲ ಆಟಗಳ ಗಡಿಯಾರ ನಿಲ್ಲುತ್ತದೆ ಮತ್ತು ನೀವು ಮರಳುವ ದಿನ ಎದುರಾಳಿಗೆ ಕಾಣಿಸುತ್ತದೆ. ಹಬ್ಬಗಳಂದು ಎಲ್ಲರ ಗಡಿಯಾರವನ್ನೂ ನಾವೇ ನಿಲ್ಲಿಸೋಣವೆಂದು ಪಟ್ಟಿ ಮಾಡಲು ಕುಳಿತಿದ್ದೆವು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವವರು, ರಂಜಾನ್ ಆಚರಿಸುವವರು, ಕ್ರಿಸ್‌ಮಸ್‌ಗೆ ಊರಿಗೆ ಹೋಗುವವರು, ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ಮಾರುಕಟ್ಟೆಯಿಂದ ತಲೆ ಎತ್ತಲಾರದವರು, ಎಲ್ಲರೂ ನಮ್ಮ ಗ್ರಾಹಕರೇ ಆಗಿರುವಾಗ ಯಾರ ದಿನ ದೊಡ್ಡದೆಂದು ನಾವು ಹೇಗೆ ಹೇಳುವುದು? ಆ ಆಯ್ಕೆಯನ್ನು ನಿಮ್ಮ ಕೈಗೇ ಬಿಟ್ಟಿದ್ದೇವೆ.

ರಾತ್ರಿ 10ರಿಂದ ಬೆಳಿಗ್ಗೆ 7ರ ನಡುವೆ ಯಾರದಾದರೂ ಸಮಯ ಮುಗಿದರೆ ಆಟವನ್ನು ಆಗಲೇ ಮುಗಿಸದೆ ಬೆಳಿಗ್ಗೆ 8ರವರೆಗೆ ಕಾಯಲಾಗುತ್ತದೆ.

ಚೌಕಾಬಾರಾದ ವಿಷಯವನ್ನು ಬೇರೆಯಾಗಿಯೇ ನೋಡಬೇಕಾಯಿತು. ಅಲ್ಲಿ ನಾಲ್ಕು ಜನ ಆಡುವುದರಿಂದ ಒಬ್ಬರು ತಡ ಮಾಡಿದರೆ ಮೂವರು ಕಾಯುತ್ತಾರೆ. ಮೇಲಾಗಿ ಕವಡೆ ಬಿದ್ದ ಮೇಲೆ ಎಷ್ಟೋ ಸಲ ನಡೆಸಲು ಇರುವುದು ಒಂದೇ ಕಾಯಿ. ಅಂಥ ನಡೆಯನ್ನು ಇನ್ನು ಮುಂದೆ ವ್ಯವಸ್ಥೆಯೇ ನಡೆಸುತ್ತದೆ. ಚೌಕ ಅಥವಾ ಬಾರ ಬಿದ್ದು ಮತ್ತೆ ಕವಡೆ ಹಾಕುವ ಹಕ್ಕು ಬಂದರೆ ಅದೆಲ್ಲವೂ ಸೇರಿ ಒಂದೇ ಪಾಳಿಯೆಂದು ಎಣಿಸಲಾಗುತ್ತದೆ. ಪ್ರತಿ ಗರಕ್ಕೂ 24 ಗಂಟೆ ಸೇರುವುದಿಲ್ಲ. ಒಬ್ಬರ ಸಮಯ ಮುಗಿದರೆ ಅವರ ಕಾಯಿಗಳನ್ನಷ್ಟೇ ಎತ್ತಿಟ್ಟು, ಉಳಿದವರ ಆಟ ಮುಂದುವರಿಯುತ್ತದೆ.

ಹುಲಿ-ಕುರಿಯಲ್ಲಿ 15 ಕುರಿಗಳನ್ನು ಒಂದೊಂದಾಗಿ ಪಟದ ಮೇಲೆ ಇಡುವುದಕ್ಕೇ ಅರ್ಧ ತಿಂಗಳು ಹೋಗುತ್ತದೆ ಎಂಬ ದೂರು ನ್ಯಾಯವಾದದ್ದು. ಅದಕ್ಕಾಗಿ ‘ಹೀಗಾದರೆ ಹೀಗೆ’ ಎಂಬ ಸೌಲಭ್ಯವನ್ನು ಸೇರಿಸಿದ್ದೇವೆ. ಹುಲಿ ಈ ಮನೆಗೆ ಬಂದರೆ ನನ್ನ ಕುರಿ ಆ ಮನೆಗೆ ಎಂದು ಮೊದಲೇ ಬರೆದಿಟ್ಟರೆ, ಎದುರಾಳಿ ಆ ನಡೆ ಆಡಿದ ಕ್ಷಣವೇ ನಿಮ್ಮ ಉತ್ತರ ಪಟದ ಮೇಲೆ ಬರುತ್ತದೆ, ನಿಮ್ಮ ಸಮಯ ಖರ್ಚಾಗುವುದಿಲ್ಲ. ಅಂಚೆ ಚದುರಂಗದವರು ಒಂದೇ ಕಾರ್ಡಿನಲ್ಲಿ ಇಂಥ ಷರತ್ತಿನ ನಡೆಗಳನ್ನು ಬರೆದು ವಾರಗಳನ್ನು ಉಳಿಸುತ್ತಿದ್ದರು. ಚದುರಂಗದಲ್ಲಿಯೂ ಇದು ಲಭ್ಯವಿದೆ.

ಇದಲ್ಲದೆ ಆಟ ಹೂಡುವಾಗ ಇಬ್ಬರೂ ಒಪ್ಪಿದರೆ ನಡೆಗೆ 3 ದಿನಗಳ ಬಿಡುವಿನ ಆಟವನ್ನೋ, ಒಬ್ಬೊಬ್ಬರಿಗೆ 20 ನಿಮಿಷ ಮತ್ತು ನಡೆಗೆ 10 ಸೆಕೆಂಡು ಸೇರುವ ಕುಳಿತು ಮುಗಿಸುವ ಆಟವನ್ನೋ ಆರಿಸಿಕೊಳ್ಳಬಹುದು. ಆರಿಸುವ ಮುನ್ನ ಒಂದು ಮಾತನ್ನು ಗಮನಿಸಬೇಕೆಂದು ವಿನಂತಿ. ನಿಮಗೆ ಒಪ್ಪುವ ವೇಗವನ್ನು ನಿರ್ಧರಿಸುವುದು ನಿಮ್ಮ ಯೋಚನೆಯ ಚುರುಕಿಗಿಂತ ಹೆಚ್ಚಾಗಿ ನೀವು ಏಕಕಾಲಕ್ಕೆ ಹೂಡಿರುವ ಆಟಗಳ ಸಂಖ್ಯೆ. ದಿನಕ್ಕೊಂದು ನಡೆಯ ಹತ್ತು ಆಟಗಳನ್ನು ಹಿಡಿದವರು ದಿನಕ್ಕೆ ಹತ್ತು ನಡೆ ಆಡಲೇಬೇಕು, ಮತ್ತು ಹತ್ತರಲ್ಲಿ ಯಾವುದಾದರೂ ಒಂದು ಅರ್ಧ ಗಂಟೆಯ ಯೋಚನೆಯನ್ನು ಬೇಡಿಯೇ ಬೇಡುತ್ತದೆ. ಹೊಸದಾಗಿ ಸೇರಿದವರು ಮೂರು ಆಟಗಳಿಗಿಂತ ಹೆಚ್ಚು ಹಿಡಿಯದಿರುವುದು ಒಳ್ಳೆಯದು.

ಈಗಾಗಲೇ ನಡೆಯುತ್ತಿರುವ ಆಟಗಳು ಹಳೆಯ ನಿಯಮದಲ್ಲೇ ಮುಗಿಯುತ್ತವೆ. ಎರಡೂ ಕಡೆಯವರು ಒಪ್ಪಿಗೆ ಒತ್ತಿದರೆ ಮಾತ್ರ ಆ ಕ್ಷಣದಿಂದ ಇಬ್ಬರ ಲೆಕ್ಕಕ್ಕೂ ತಲಾ 3 ದಿನ ಜಮೆಯಾಗಿ ಹೊಸ ಕ್ರಮ ಅನ್ವಯವಾಗುತ್ತದೆ. ಹಿಂದೆ ಸಮಯ ಮೀರಿ ಸೋತ ಆಟಗಳ ಫಲಿತಾಂಶವನ್ನು ಬದಲಿಸುವುದು ಎದುರಾಳಿಗಳಿಗೆ ಅನ್ಯಾಯವಾಗುವುದರಿಂದ ಅದನ್ನು ಮಾಡುತ್ತಿಲ್ಲ. ಆದರೆ ಅಂಥ ಆಟವನ್ನು ನಿಂತ ಸ್ಥಿತಿಯಿಂದಲೇ ಮತ್ತೆ ಆಡಲು ಇಬ್ಬರೂ ಬಯಸಿದಲ್ಲಿ ಪಟವನ್ನು ಹಾಗೆಯೇ ಹೂಡಿಕೊಡುತ್ತೇವೆ.

ಹೊಸ ಕ್ರಮದಲ್ಲಿ ಮೂರು ತಿಂಗಳು ಆಡಿದ ನಂತರ 3 ದಿನದ ಆರಂಭದ ಜಮೆ ಸಾಲದೆಂದು ಕಂಡರೆ, ಯಾವ ಆಟದಲ್ಲಿ, ಎಷ್ಟನೆಯ ನಡೆಯಲ್ಲಿ ತೊಂದರೆಯಾಯಿತು ಎಂಬುದನ್ನು ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಆ ವಿವರಗಳನ್ನು ಮುಂದಿಟ್ಟುಕೊಂಡೇ ಈ ಅಂಕಿಗಳನ್ನು ಮರುಪರಿಶೀಲಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಹಕಾರಿಯ ಎಲ್ಲ ಸದಸ್ಯರ ಪರವಾಗಿ)